‘ಡಿಜಿಟಲ್ ಅರೆಸ್ಟ್’ ಕರೆ ಬಂದಾಗ ಬುದ್ಧಿ ಏಕೆ ಕೈಕೊಡುತ್ತದೆ, ಆಗ ಏನು ಮಾಡಬೇಕು

“ಬ್ಯಾಂಕಿನಲ್ಲೇ ಮೂವತ್ತು ವರ್ಷ ದುಡಿದವರು, ವೈದ್ಯರು, ಎಂಜಿನಿಯರುಗಳು, ಊರಿಗೆಲ್ಲ ಬುದ್ಧಿ ಹೇಳುವವರು ಒಂದು ಫೋನ್ ಕರೆಗೆ ಹೆದರಿ ಜೀವಮಾನದ ಉಳಿತಾಯವನ್ನು ಅಪರಿಚಿತರ ಖಾತೆಗೆ ಹಾಕಿಬಿಡುವುದು ಹೇಗೆ?” ಓದುಗರು ನನಗೆ ಅತಿ ಹೆಚ್ಚು ಸಲ ಬರೆದು ಕೇಳಿರುವ ಪ್ರಶ್ನೆ ಇದು. ಈ ಪ್ರಶ್ನೆಯ ಹಿಂದೆ ಒಂದು ತೀರ್ಪೂ ಇರುತ್ತದೆ: ಮೋಸ ಹೋದವರಿಗೆ ಬುದ್ಧಿ ಸಾಲದಾಗಿತ್ತು ಎಂಬುದು. ಆ ತೀರ್ಪು ತಪ್ಪು. ಅವರ ಬುದ್ಧಿ ಎಂದಿನಂತೆಯೇ ಇತ್ತು, ಆದರೆ ಆ ಹೊತ್ತಿನಲ್ಲಿ ಅದು ಅವರ ಕೈಗೆ ಸಿಗುವಂತಿರಲಿಲ್ಲ. ಈ ವ್ಯತ್ಯಾಸ ತಿಳಿಯದವರು “ನನಗಂತೂ ಹಾಗಾಗದು” ಎಂದು ನಂಬಿ ಯಾವ ಸಿದ್ಧತೆಯನ್ನೂ ಮಾಡಿಕೊಳ್ಳುವುದಿಲ್ಲ.

ಪೊಲೀಸರ ಸೋಗಿನಲ್ಲಿ ಕರೆ ಮಾಡಿ, ವಿಡಿಯೊ ಕರೆಯಲ್ಲೇ ‘ಬಂಧಿಸಿದ್ದೇವೆ’ ಎಂದು ಹೆದರಿಸಿ ಹಣ ಕೀಳುವ ಮೋಸಕ್ಕೆ ‘ಡಿಜಿಟಲ್ ಅರೆಸ್ಟ್’ ಎನ್ನುತ್ತಾರೆ. ಕೇಂದ್ರ ಸರ್ಕಾರ ಸಂಸತ್ತಿಗೆ ನೀಡಿದ ಮಾಹಿತಿಯ ಪ್ರಕಾರ ಡಿಜಿಟಲ್ ಅರೆಸ್ಟ್ ಮತ್ತು ಅದಕ್ಕೆ ಸಂಬಂಧಿಸಿದ ಸೈಬರ್ ಅಪರಾಧಗಳ ದೂರುಗಳು 2022ರಲ್ಲಿ 39,925 ಇದ್ದವು, 2024ರಲ್ಲಿ 1,23,672ಕ್ಕೆ ಏರಿದವು. 2024ರ ಕೊನೆಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಇಂಥದೇ ಬಲೆಯಲ್ಲಿ 11.8 ಕೋಟಿ ರೂಪಾಯಿ ಕಳೆದುಕೊಂಡ ಸುದ್ದಿಯನ್ನು ನೀವೂ ಓದಿರಬಹುದು. ಕಂಪ್ಯೂಟರನ್ನೇ ವೃತ್ತಿ ಮಾಡಿಕೊಂಡವರಿಗೂ ಹೀಗಾಗುತ್ತದೆ ಎಂದರೆ ಇದನ್ನು ತಂತ್ರಜ್ಞಾನದ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ.

ಮೊದಲು ತಿಳಿಯಬೇಕಾದದ್ದು: ಭಯದ ಹೊತ್ತಿನಲ್ಲಿ ಮಿದುಳಿನೊಳಗೆ ಏನಾಗುತ್ತದೆ

ನಮ್ಮ ಕಿವಿಯ ನೇರಕ್ಕೆ, ಮಿದುಳಿನ ಒಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು ಬಾದಾಮಿಯಾಕಾರದ ನರಕೋಶಗಳ ಗುಂಪು ಇದೆ. ಅದರ ಹೆಸರು ಅಮಿಗ್ಡಲ. ಬಾದಾಮಿ ಎಂಬರ್ಥದ ಗ್ರೀಕ್ ಪದದಿಂದಲೇ ಆ ಹೆಸರು ಬಂದಿದೆ. ಕಂಡದ್ದರಲ್ಲಿ, ಕೇಳಿದ್ದರಲ್ಲಿ ಅಪಾಯದ ಸುಳಿವು ಇದೆಯೇ ಎಂದು ಕಾಯುತ್ತಿರುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಅಮೆರಿಕದ ನರವಿಜ್ಞಾನಿ ಜೋಸೆಫ್ ಲೆಡೂ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಅಪಾಯದ ಸಂಕೇತ ಎರಡು ದಾರಿಗಳಲ್ಲಿ ಅಮಿಗ್ಡಲವನ್ನು ತಲುಪುತ್ತದೆ ಎಂದು ಕಂಡುಬಂತು. ಒಂದು ದಾರಿ ಮಿದುಳಿನ ಹೊರಪದರದ ಮೂಲಕ ಸುತ್ತಿ ಬರುತ್ತದೆ. ನಿಧಾನ, ಆದರೆ ವಿವರ ಸ್ಪಷ್ಟ. ಇನ್ನೊಂದು ಒಳದಾರಿ, ಇಂದ್ರಿಯಗಳ ಸುದ್ದಿಯನ್ನು ಹಂಚುವ ಥಾಲಮಸ್ ಎಂಬ ಭಾಗದಿಂದ ನೇರವಾಗಿ ಬರುತ್ತದೆ, ಬೇಗ, ಆದರೆ ಚಿತ್ರ ಮಸುಕು. ಮುಸ್ಸಂಜೆಯಲ್ಲಿ ಹಗ್ಗ ಕಂಡು ಹಾವೆಂದು ಹಾರಿ ಹಿಂದೆ ಸರಿದು, ಆಮೇಲೆ ಹಗ್ಗವೆಂದು ತಿಳಿಯುವ ನಮ್ಮೆಲ್ಲರ ಅನುಭವವನ್ನು ಈ ಎರಡು ದಾರಿಗಳಿಂದ ಅರ್ಥ ಮಾಡಿಕೊಳ್ಳಬಹುದು. ಅಮಿಗ್ಡಲವನ್ನು ‘ಭಯದ ಮನೆ’ ಎಂದು ಕರೆಯುವುದು ಸರಿಯಲ್ಲ ಎಂದು ಲೆಡೂ ಅವರೇ ನಂತರ ಒತ್ತಿ ಹೇಳಿದ್ದಾರೆ: ಅದು ಅಪಾಯವನ್ನು ಗುರುತಿಸಿ ದೇಹವನ್ನು ಅಣಿಗೊಳಿಸುವ ವ್ಯವಸ್ಥೆಯ ಭಾಗ, ನಮಗೆ ಅರಿವಾಗುವ ಭಯವನ್ನು ಕಟ್ಟುವುದರಲ್ಲಿ ಮಿದುಳಿನ ಬೇರೆ ಭಾಗಗಳೂ ಸೇರುತ್ತವೆ.

ಅಪಾಯವೆಂಬ ಗುರುತು ಬಿದ್ದೊಡನೆ ಹೈಪೋಥಲಾಮಸ್ ಎಂಬ ನಿಯಂತ್ರಣ ಕೇಂದ್ರಕ್ಕೆ ಸುದ್ದಿ ಹೋಗುತ್ತದೆ, ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನನ್ನು ಸುರಿಸುತ್ತವೆ. ಇದೆಲ್ಲ ಕೆಲವೇ ಸೆಕೆಂಡುಗಳ ಮಾತು. ಎದೆ ಬಡಿದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ಇದರ ಹಿಂದೆಯೇ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನ್ ನಿಧಾನವಾಗಿ ಏರಿ, ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಶಿಖರ ಮುಟ್ಟುತ್ತದೆ. ಹೊಡೆದಾಡು ಇಲ್ಲವೇ ಓಡಿಹೋಗು ಎಂಬ ಈ ಸಿದ್ಧತೆಯನ್ನು ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞ 1915ರಲ್ಲೇ ವಿವರಿಸಿದ್ದರು. ಹೊಡೆದಾಡಲೂ ಓಡಲೂ ಆಗದಿದ್ದಾಗ ಜೀವಿ ಮರಗಟ್ಟಿ ನಿಲ್ಲುವುದೂ ಉಂಟು.

ಅದೇ ಹೊತ್ತಿಗೆ ಹಣೆಯ ಹಿಂಭಾಗದಲ್ಲಿ ಇನ್ನೊಂದು ಬದಲಾವಣೆಯಾಗುತ್ತದೆ, ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅದೇ. ಅಲ್ಲಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್, ಅಂದರೆ ಮಿದುಳಿನ ಹೊರಪದರದ ಮುಂಭಾಗ, ಯೋಜನೆ ಹಾಕುವ, ಅನುಮಾನಪಡುವ, ಎರಡು ಸಾಧ್ಯತೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗುವ ಕೆಲಸ ಮಾಡುತ್ತದೆ. ಒತ್ತಡ ಮಿತಿಮೀರಿದಾಗ ನೋರ್‌ಅಡ್ರಿನಲಿನ್ ಮತ್ತು ಡೋಪಮಿನ್ ರಾಸಾಯನಿಕಗಳು ಇಲ್ಲಿ ವಿಪರೀತವಾಗಿ ಹೆಚ್ಚಿ, ನರಕೋಶಗಳ ನಡುವಿನ ಸಂಪರ್ಕಗಳು ತಾತ್ಕಾಲಿಕವಾಗಿ ದುರ್ಬಲಗೊಳ್ಳುತ್ತವೆ ಎಂಬುದನ್ನು ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ಅವರ ದೀರ್ಘಕಾಲದ ಸಂಶೋಧನೆ ತೋರಿಸಿದೆ. ಹೀಗಾದಾಗ ಮೊದಲು ಕುಸಿಯುವುದು ಕೆಲಸದ ನೆನಪು, ಅಂದರೆ ನಾಲ್ಕಾರು ಸಂಗತಿಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದುಕೊಂಡು ಹೋಲಿಸುವ ಶಕ್ತಿ. ಹೀಗೆ ಭಾವನೆ ವಿವೇಕದ ಕೈಯಿಂದ ಲಗಾಮು ಕಿತ್ತುಕೊಳ್ಳುವುದಕ್ಕೆ ಮನಶ್ಶಾಸ್ತ್ರ ಲೇಖಕ ಡೇನಿಯಲ್ ಗೋಲ್‌ಮನ್ 1995ರಲ್ಲಿ ‘ಅಮಿಗ್ಡಲ ಹೈಜಾಕ್’ ಎಂಬ ಹೆಸರು ಕೊಟ್ಟರು.

ಇಷ್ಟೆಲ್ಲ ಆದರೂ ಕುಸಿಯದೆ ಉಳಿಯುವುದು ಒಂದಿದೆ, ಅದು ಅಭ್ಯಾಸ. ಮೊದಲೇ ರೂಢಿಯಾದದ್ದನ್ನು ಮಾಡಲು ಮಿದುಳಿಗೆ ಹೊಸದಾಗಿ ಯೋಚಿಸಬೇಕಾಗಿಲ್ಲ. ಕೆಳಗಿನ ಎಲ್ಲ ಹಂತಗಳೂ ಈ ಒಂದು ಸಂಗತಿಯ ಮೇಲೆ ನಿಂತಿವೆ. ಭಾವನೆಯನ್ನೇ ಶತ್ರುವೆಂದು ಎಣಿಸಬೇಡಿ. ಮಿದುಳಿನ ಪೆಟ್ಟಿನಿಂದಾಗಿ ಭಾವನೆಯ ಸುಳಿವುಗಳು ಸಿಗದಂತಾದ ರೋಗಿಗಳು ಬುದ್ಧಿಶಕ್ತಿ ಸರಿಯಿದ್ದೂ ದಿನನಿತ್ಯದ ತೀರ್ಮಾನಗಳಲ್ಲಿ ಎಡವಿದ್ದನ್ನು ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ದಾಖಲಿಸಿದ್ದಾರೆ.

ವಂಚಕರು ಇದನ್ನು ಹೇಗೆ ಬಳಸುತ್ತಾರೆ

ಕರೆ ಸಾಮಾನ್ಯವಾಗಿ ಸಣ್ಣ ಸುದ್ದಿಯಿಂದ ಶುರುವಾಗುತ್ತದೆ: ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ಅಥವಾ ನಿಮ್ಮ ಆಧಾರ್ ಸಂಖ್ಯೆ ಅಕ್ರಮ ಹಣದ ಪ್ರಕರಣವೊಂದರಲ್ಲಿ ಬಳಕೆಯಾಗಿದೆ. ಒಡನೆಯೇ ಕರೆ ‘ಮುಂಬೈ ಪೊಲೀಸ್’ ಅಥವಾ ‘ಸಿಬಿಐ ಅಧಿಕಾರಿ’ಗೆ ವರ್ಗವಾಗುತ್ತದೆ. ವಿಡಿಯೊದಲ್ಲಿ ಸಮವಸ್ತ್ರ, ಹಿಂದೆ ಠಾಣೆಯಂತೆ ಕಾಣುವ ಗೋಡೆ, ವಾಟ್ಸ್‌ಆ್ಯಪ್‌ಗೆ ಮೊಹರು ಹಾಕಿದ ‘ವಾರಂಟ್’. ಇಲ್ಲಿಗೆ ಅಪಾಯದ ಗಂಟೆ ಬಾರಿಸಿಯಾಯಿತು. ಮುಂದಿನ ಮೂರು ಆಜ್ಞೆಗಳನ್ನು ಗಮನವಿಟ್ಟು ನೋಡಿ. ‘ಕ್ಯಾಮೆರಾ ಆಫ್ ಮಾಡಬೇಡಿ’ ಎನ್ನುವುದು ಗಂಟೆ ನಿಲ್ಲದಂತೆ ನೋಡಿಕೊಳ್ಳಲು; ಬೆದರಿಕೆ ಮುಗಿದರೆ ದೇಹ ಒಂದೆರಡು ಗಂಟೆಗಳಲ್ಲಿ ತಾನಾಗಿ ಸಮಸ್ಥಿತಿಗೆ ಬರುತ್ತದೆ, ಅದಕ್ಕೇ ಅವರು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ನಿದ್ದೆಗೂ ಬಿಡದೆ ಕೂರಿಸುತ್ತಾರೆ. ‘ಯಾರಿಗೂ ಹೇಳಬೇಡಿ’ ಎನ್ನುವುದು ಶಾಂತವಾಗಿರುವ ಇನ್ನೊಂದು ಮಿದುಳು ನಿಮ್ಮ ಹತ್ತಿರ ಸುಳಿಯದಿರಲು. ‘ಈಗಲೇ’ ಎನ್ನುವುದು ನಿಧಾನದ ದಾರಿಯಲ್ಲಿ ಬರುವ ವಿವೇಕ ತಲುಪುವ ಮೊದಲೇ ಕೆಲಸ ಮುಗಿಸಲು.

ಇಷ್ಟಾದ ಮೇಲೆ ಒಬ್ಬ ‘ಒಳ್ಳೆಯ ಅಧಿಕಾರಿ’ ಬಂದು ಮೆತ್ತಗೆ ಮಾತನಾಡುತ್ತಾನೆ: ಹಣವನ್ನು ಪರಿಶೀಲನೆಗಾಗಿ ಈ ಖಾತೆಗೆ ಹಾಕಿ, ತಪ್ಪಿಲ್ಲವೆಂದು ಗೊತ್ತಾದರೆ ವಾಪಸ್ ಬರುತ್ತದೆ ಎನ್ನುತ್ತಾನೆ. ಹೆದರಿ ಬಸವಳಿದವರಿಗೆ ಹಣ ಕಳುಹಿಸುವುದು ಆಗ ನಷ್ಟದಂತೆ ಕಾಣುವುದಿಲ್ಲ, ಬಿಡುಗಡೆಯಂತೆ ಕಾಣುತ್ತದೆ. ವಿದೇಶದಲ್ಲಿರುವ ನಮ್ಮ ಮಕ್ಕಳಿಗೆ ಇದೇ ಕರೆ ಭಾರತೀಯ ರಾಯಭಾರ ಕಚೇರಿಯ ಹೆಸರಿನಲ್ಲಿ ಬರುತ್ತದೆ, ಊರಿನಲ್ಲಿರುವ ತಂದೆತಾಯಿಗೆ ‘ನಿಮ್ಮ ಮಗ ಕೇಸಿನಲ್ಲಿ ಸಿಕ್ಕಿಬಿದ್ದಿದ್ದಾನೆ’ ಎಂದು ಬರುತ್ತದೆ.

ಬೇಕಾಗುವ ವಸ್ತುಗಳು

ಅಂಗೈಯಗಲದ ದಪ್ಪ ಕಾಗದದ ಚೀಟಿ, ಪೆನ್ನು, ನೀವು ನಂಬುವ ಇಬ್ಬರ ಫೋನ್ ಸಂಖ್ಯೆ, ಅರ್ಧ ಗಂಟೆಯ ಬಿಡುವು.

ಹಂತ 1: ಶಾಂತವಾಗಿರುವಾಗಲೇ ನಿಯಮ ಬರೆದಿಡಿ

“ಇನ್ನು ಮುಂದೆ ಎಚ್ಚರದಿಂದಿರುತ್ತೇನೆ” ಎಂಬ ಸಂಕಲ್ಪ ಗಾಬರಿಯ ಹೊತ್ತಿನಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಅದನ್ನು ಕಾರ್ಯಕ್ಕಿಳಿಸಲು ಯೋಚಿಸಬೇಕು, ಯೋಚನೆಯೇ ಆಗ ಇರುವುದಿಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಲ್ಲಿ ಬೆಳೆಸಿದ ವಿಧಾನವೊಂದಿದೆ: ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂದು ಸನ್ನಿವೇಶವನ್ನೂ ಕ್ರಿಯೆಯನ್ನೂ ಮೊದಲೇ ಜೋಡಿಸಿಡುವುದು. ಹಾಗೆ ಜೋಡಿಸಿಟ್ಟ ಸಂಕಲ್ಪ ಬರೀ ಸಂಕಲ್ಪಕ್ಕಿಂತ ಹೆಚ್ಚು ಸಲ ನೆರವೇರುತ್ತದೆ ಎಂದು ಅನೇಕ ಅಧ್ಯಯನಗಳು ತೋರಿಸಿವೆ. ಚೀಟಿಯ ಮೇಲೆ ನಿಮ್ಮ ಕೈಬರಹದಲ್ಲೇ ಹೀಗೆ ಬರೆಯಿರಿ:

“ಫೋನಿನಲ್ಲಿ ಯಾರಾದರೂ ಪೊಲೀಸ್, ಕೇಸ್, ಅರೆಸ್ಟ್ ಎಂದರೆ ತಕ್ಷಣ ಕರೆ ಕಡಿಯುತ್ತೇನೆ. ಆಮೇಲೆ ಮಗಳಿಗೆ ಫೋನ್ ಮಾಡುತ್ತೇನೆ.”

ಮಗಳ ಜಾಗದಲ್ಲಿ ನಿಮ್ಮವರು ಯಾರೋ ಅವರ ಹೆಸರು ಇರಲಿ. ಕೆಳಗೆ ನೀವು ನಂಬುವ ಆ ಇಬ್ಬರ ಸಂಖ್ಯೆ ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930 ಎಂದು ಬರೆದು, ಫೋನ್ ಚಾರ್ಜ್‌ಗೆ ಹಾಕುವ ಜಾಗದಲ್ಲಿ ಅಂಟಿಸಿ. ಮನೆಯವರು ಸೇರಿ ಎರಡು ಮೂರು ಸಲ ಅಭಿನಯಿಸಿ ನೋಡಿ: ಒಬ್ಬರು ‘ಅಧಿಕಾರಿ’ಯಾಗಿ ಗದರಿಸಲಿ, ಇನ್ನೊಬ್ಬರು ಮಾತಿನ ನಡುವೆಯೇ ಕರೆ ಕಡಿಯಲಿ. ಹಿರಿಯರು ಇರುವ ಮನೆಯಲ್ಲಿ ಇದನ್ನು ಬಿಡಬೇಡಿ. ಬೆರಳಿಗೆ ರೂಢಿಯಾಗಬೇಕು.

ಅದೇ ದಿನ ಬ್ಯಾಂಕಿನ ಆ್ಯಪ್‌ನಲ್ಲಿ ದಿನದ ವರ್ಗಾವಣೆಯ ಮಿತಿಯನ್ನು ನಿಮ್ಮ ನಿಜವಾದ ಅಗತ್ಯದಷ್ಟಕ್ಕೆ ಇಳಿಸಿ. ಮಿತಿ ಏರಿಸಲು ತಗಲುವ ಸಮಯವೇ ನಿಮ್ಮ ವಿವೇಕ ಮರಳಲು ಸಿಗುವ ಅವಕಾಶ.

ಹಂತ 2: ನಿಮ್ಮ ದೇಹದ ಮುನ್ಸೂಚನೆಯನ್ನು ಗುರುತಿಸಿ

ಪ್ರತಿಯೊಬ್ಬರಲ್ಲೂ ಭಯ ಮೊದಲು ತೋರುವ ಜಾಗ ಬೇರೆ. ಕೆಲವರಿಗೆ ಹೊಟ್ಟೆ ಹಿಂಡಿದಂತಾಗುತ್ತದೆ, ಕೆಲವರಿಗೆ ಕಿವಿ ಬಿಸಿಯಾಗುತ್ತದೆ, ಕೆಲವರ ಧ್ವನಿ ಸಣ್ಣಗಾಗುತ್ತದೆ. ಈ ಹಿಂದೆ ತೀರ ಹೆದರಿದ ಸಂದರ್ಭವೊಂದನ್ನು ನೆನೆಸಿಕೊಂಡು ನಿಮ್ಮ ಗುರುತು ಯಾವುದೆಂದು ಚೀಟಿಯ ಹಿಂಬದಿಯಲ್ಲಿ ಬರೆಯಿರಿ. ನನಗೂ ಒಮ್ಮೆ ಇಂಥ ಕರೆ ಬಂದಿತ್ತು; ಮೋಸವೆಂದು ಮೊದಲ ನಿಮಿಷದಲ್ಲೇ ಗೊತ್ತಾದರೂ ಕೈ ನಡುಗುವುದು ನಿಲ್ಲಲಿಲ್ಲ. ತಿಳಿವಳಿಕೆ ಇದ್ದರೆ ದೇಹ ಹೆದರುವುದಿಲ್ಲ ಎಂದುಕೊಳ್ಳಬೇಡಿ. ನಡುಕ ಬಂದದ್ದು ನೀವು ತಪ್ಪು ಮಾಡಿರುವುದಕ್ಕೆ ಸಾಕ್ಷಿಯೂ ಅಲ್ಲ.

ಹಂತ 3: ಕರೆ ಕಡಿಯಿರಿ

ಒಂದೇ ಹಂತ ನೆನಪಿಟ್ಟುಕೊಳ್ಳಲು ಸಾಧ್ಯವೆಂದರೆ ಇದನ್ನು ಇಟ್ಟುಕೊಳ್ಳಿ. ವಿವರಣೆ ಕೊಡಬೇಡಿ, “ಒಂದು ನಿಮಿಷ ಸಾರ್” ಎನ್ನಬೇಡಿ, ಕೆಂಪು ಗುಂಡಿ ಒತ್ತಿ. ಹಿರಿಯ ಅಧಿಕಾರಿ ಮಾತನಾಡುವಾಗ ಫೋನ್ ಇಡುವುದು ಅವಿಧೇಯತೆಯೆಂಬ ಸಂಕೋಚ ನಮ್ಮಲ್ಲಿ ಆಳವಾಗಿದೆ; ವಂಚಕರು ಕೈಹಾಕುವುದು ಅಲ್ಲಿಗೇ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ವಾದಕ್ಕಿಳಿಯುವುದು. “ನಿಮ್ಮ ಗುರುತಿನ ಚೀಟಿ ತೋರಿಸಿ” ಎಂದು ಕೇಳಿದರೆ ತೋರಿಸುತ್ತಾರೆ, ಏಕೆಂದರೆ ಅದು ಸಿದ್ಧವಾಗಿಯೇ ಇರುತ್ತದೆ. ನಿಮ್ಮ ಆಧಾರ್ ಸಂಖ್ಯೆ, ವಿಳಾಸ, ತಂದೆಯ ಹೆಸರು ಅವರಿಗೆ ಗೊತ್ತಿದ್ದರೂ ಅದು ಅಧಿಕಾರಿ ಎನ್ನುವುದಕ್ಕೆ ಪುರಾವೆಯಲ್ಲ. ಸೋರಿಹೋದ ಮಾಹಿತಿ ಮಾರಾಟಕ್ಕೆ ಸಿಗುತ್ತದೆ. ಪರೀಕ್ಷಿಸಿ ನೋಡೋಣವೆಂದು ಕರೆಯಲ್ಲಿ ಉಳಿಯುವ ಪ್ರತಿ ನಿಮಿಷವೂ ಪರೀಕ್ಷಿಸುವ ಶಕ್ತಿಯನ್ನೇ ಕುಂದಿಸುತ್ತದೆ. ಪರದೆ ಹಂಚಿಕೊಳ್ಳಲು ಹೇಳಿದರೆ, ಯಾವುದೋ ಆ್ಯಪ್ ಹಾಕಿಕೊಳ್ಳಲು ಹೇಳಿದರೆ, ಆ ಮಾತು ಮುಗಿಯುವವರೆಗೂ ಕಾಯಬೇಡಿ.

ಅವರು ಮತ್ತೆ ಮತ್ತೆ ಕರೆ ಮಾಡುತ್ತಾರೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಇನ್ನೊಂದು ಕೋಣೆಯಲ್ಲಿಡಿ.

ಹಂತ 4: ಉಸಿರನ್ನು ನಿಧಾನ ಮಾಡಿ

ಕುಳಿತುಕೊಳ್ಳಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಂಡು, ಆರು ಎಣಿಸುವಷ್ಟು ಹೊತ್ತು ಬಿಡಿ. ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತದೆ. ಮಿದುಳಿನ ಬುಡದಿಂದ ಹೃದಯಕ್ಕೂ ಹೊಟ್ಟೆಗೂ ಇಳಿಯುವ ವೇಗಸ್ ನರ ಹೃದಯದ ಬಡಿತವನ್ನು ತಗ್ಗಿಸುತ್ತದೆ, ಅದರ ಪ್ರಭಾವ ಉಸಿರು ಬಿಡುವಾಗ ಹೆಚ್ಚು; ಅದಕ್ಕೇ ಬಿಡುವ ಉಸಿರು ಉದ್ದವಾಗಿರಬೇಕು. ಐದು ನಿಮಿಷ ಮಾಡಿ, ಒಂದು ಲೋಟ ನೀರು ಕುಡಿಯಿರಿ.

ಗಾಬರಿಯಲ್ಲಿ ಜೋರಾಗಿ, ಬೇಗಬೇಗ ದೀರ್ಘ ಉಸಿರು ಎಳೆದರೆ ತಲೆ ಸುತ್ತುತ್ತದೆ, ಆ ಸುತ್ತು ಭಯವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಉಬ್ಬಸ ಇರುವವರು ಎಣಿಕೆಗಾಗಿ ಉಸಿರನ್ನು ಬಲವಂತಪಡಿಸಬೇಡಿ. ಸಹಜವಾಗಿ ಬಿಡುವ ಉಸಿರನ್ನು ಸ್ವಲ್ಪ ಉದ್ದ ಮಾಡಿದರೆ ಸಾಕು. ಎದೆನೋವು ಬಂದರೆ ಅದನ್ನು ಭಯವೆಂದು ತಳ್ಳಿಹಾಕದೆ ಆಸ್ಪತ್ರೆಗೆ ಹೋಗಿ. ಎದೆಬಡಿತ ತಗ್ಗಿದೊಡನೆ ಎಲ್ಲ ಸರಿಹೋಯಿತೆಂದೂ ಭಾವಿಸಬೇಡಿ: ಕಾರ್ಟಿಸಾಲ್ ಇನ್ನೂ ಇಳಿದಿರುವುದಿಲ್ಲ. ಹಣದ ವಿಷಯದಲ್ಲಿ ಆ ದಿನ ಯಾವ ತೀರ್ಮಾನವೂ ಬೇಡ.

ಹಂತ 5: ಆಗುತ್ತಿರುವುದಕ್ಕೆ ಗಟ್ಟಿಯಾಗಿ ಹೆಸರಿಡಿ

ಭಾವನೆಯನ್ನು ಮಾತಿನಲ್ಲಿ ಹೆಸರಿಸಿದಾಗ ಅಮಿಗ್ಡಲದ ಚಟುವಟಿಕೆ ತಗ್ಗಿ, ಪ್ರೀಫ್ರಂಟಲ್ ಕಾರ್ಟೆಕ್ಸ್‌ನ ಬಲಭಾಗದ ಚಟುವಟಿಕೆ ಹೆಚ್ಚುವುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಮಿದುಳಿನ ಸ್ಕ್ಯಾನ್‌ಗಳಲ್ಲಿ ಕಂಡಿತು. ಅಲ್ಲಿ ಭಾಗವಹಿಸಿದವರು ನೋಡುತ್ತಿದ್ದದ್ದು ಮುಖಗಳ ಚಿತ್ರಗಳನ್ನು. ನಿಜ ಬದುಕಿನ ಬೆದರಿಕೆ ಅದಕ್ಕಿಂತ ತೀವ್ರ. ಆದರೂ ಖರ್ಚಿಲ್ಲದ, ಅಪಾಯವಿಲ್ಲದ ಈ ಉಪಾಯವನ್ನು ಬಿಡುವ ಕಾರಣವಿಲ್ಲ. “ನನಗೆ ಈಗ ಭಯವಾಗಿದೆ” ಎಂದು ಬಾಯಿಬಿಟ್ಟು ಹೇಳಿ.

ಇನ್ನೂ ಸ್ವಲ್ಪ ಒಳಗೆ ಹೋಗಿ ನೋಡಿ. ಬಹಳ ಜನರಲ್ಲಿ ಜೈಲಿನ ಭಯಕ್ಕಿಂತ ದೊಡ್ಡದು ನಾಚಿಕೆ: ಬೀದಿಯವರು ಏನೆಂದಾರು, ಮಗಳ ಮದುವೆಗೆ ಅಡ್ಡಿಯಾದೀತೆ, ಇಷ್ಟು ವರ್ಷ ಗಳಿಸಿದ ಮರ್ಯಾದೆ ಹೋದೀತೆ. ತಪ್ಪೇ ಮಾಡದವರು ಕೂಡ ಸುಮ್ಮನೆ ಹಣ ಕಟ್ಟುವುದು ಈ ಅಂಜಿಕೆಯಿಂದಲೇ. ಭಯ ಯಾವುದು, ಮಾನದ ಅಂಜಿಕೆ ಯಾವುದು ಎಂದು ಬೇರೆ ಬೇರೆ ಮಾಡಿ ಹೇಳಿಕೊಂಡಾಗ ಎರಡನೆಯದಕ್ಕೆ ಮದ್ದು ಹಣದಲ್ಲಿಲ್ಲ, ಮನೆಯವರೊಡನೆ ಮಾತನಾಡುವುದರಲ್ಲಿದೆ ಎಂಬುದು ಕಾಣಿಸುತ್ತದೆ. “ನನಗೇನೂ ಆಗಿಲ್ಲ” ಎಂದು ನುಂಗಿಕೊಳ್ಳುವುದು ಮಾತ್ರ ಬೇಡ.

ಹಂತ 6: ಇನ್ನೊಬ್ಬರಿಗೆ ಹೇಳಿ

ಚೀಟಿಯಲ್ಲಿರುವ ವ್ಯಕ್ತಿಗೆ ಕರೆ ಮಾಡಿ. ನಿಮ್ಮ ಮಿದುಳು ಗಂಟೆಯ ಸದ್ದಿನಲ್ಲಿ ಮುಳುಗಿರುವಾಗ ಅವರದು ಮುಳುಗಿರುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದ ಮನೆಯ ಬಾಗಿಲು ತಟ್ಟಿ, ಅಪಾರ್ಟ್‌ಮೆಂಟಿನ ಕಾವಲುಗಾರರಿಗಾದರೂ ಹೇಳಿ. ನಡೆದದ್ದನ್ನು ಮೂರನೆಯವರಿಗೆ ಕ್ರಮವಾಗಿ ಹೇಳಲು ಹೊರಟಾಗಲೇ ಕತೆಯ ತೂತುಗಳು ಹೇಳುವವರಿಗೂ ಕಾಣತೊಡಗುತ್ತವೆ.

ಕೇಳಿಸಿಕೊಳ್ಳುವವರಿಗೆ ಒಂದು ವಿನಂತಿ. “ಅಪ್ಪ, ಅಷ್ಟೂ ಗೊತ್ತಾಗಲಿಲ್ಲವೇ ನಿಮಗೆ?” ಎಂಬ ಒಂದು ಮಾತು ಸಾಕು, ಅವರು ಮುಂದಿನ ಸಲ ನಿಮಗೆ ಹೇಳುವುದೇ ಇಲ್ಲ. “ಒಳ್ಳೆಯದಾಯಿತು ಹೇಳಿದಿರಿ, ನಾನಿದ್ದೇನೆ, ಈಗ ಫೋನ್ ಮುಟ್ಟಬೇಡಿ” ಎನ್ನಿ.

ಹಂತ 7: ಈಗ ಕಾನೂನಿನ ಸಂಗತಿಯನ್ನು ನೋಡಿ

ಇದನ್ನು ಕೊನೆಗೆ ಇಟ್ಟಿರುವುದು ಬೇಕೆಂದೇ. ಗಾಬರಿಯಲ್ಲಿ ಓದಿದ ಕಾನೂನು ತಲೆಗೆ ಹತ್ತುವುದಿಲ್ಲ.

ಭಾರತದ ಯಾವ ಕಾನೂನಿನಲ್ಲೂ ‘ಡಿಜಿಟಲ್ ಅರೆಸ್ಟ್’ ಎಂಬುದು ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ವಿಡಿಯೊ ಕರೆಯ ಮೂಲಕ ಬಂಧಿಸಿಡುವ ಅವಕಾಶವಿಲ್ಲ. ವಿಚಾರಣೆಗೆ ಹಾಜರಾಗಲು ಪೊಲೀಸರು ಕೊಡುವ ನೋಟಿಸನ್ನು ವಾಟ್ಸ್‌ಆ್ಯಪ್ ಮೂಲಕ ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಪರಿಶೀಲನೆಗೆಂದು ನಿಮ್ಮ ಹಣವನ್ನು ತಮ್ಮ ಖಾತೆಗೆ ಹಾಕಿಸಿಕೊಳ್ಳುವ ತನಿಖಾ ಸಂಸ್ಥೆ ಯಾವುದೂ ಇಲ್ಲ. ಆದರೂ ಅನುಮಾನ ಉಳಿದರೆ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ನಿಮ್ಮ ವ್ಯಾಪ್ತಿಯ ಠಾಣೆಗೆ ನೇರವಾಗಿ ಹೋಗಿ ಕೇಳಿ. ಕರೆ ಬಂದ ಸಂಖ್ಯೆಗೇ ತಿರುಗಿ ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು, ಅವರು ಕಳುಹಿಸಿದ ಕೊಂಡಿಯನ್ನು ಒತ್ತಿ ‘ಕೇಸಿನ ವಿವರ’ ನೋಡುವುದು, ಎರಡೂ ಬೇಡ.

ಹಣ ಹೋಗಿಬಿಟ್ಟಿದ್ದರೆ

ಅಳುವುದಕ್ಕೂ ಮೊದಲು 1930ಕ್ಕೆ ಕರೆ ಮಾಡಿ. ಇದು ಸೈಬರ್ ಹಣಕಾಸು ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತ ಹೋಗುವುದರಿಂದ, ಅದನ್ನು ಹಾದಿಯಲ್ಲೇ ತಡೆಯುವ ಸಾಧ್ಯತೆ ಮೊದಲ ಗಂಟೆಗಳಲ್ಲಿ ಹೆಚ್ಚು. ನಿಮ್ಮ ಬ್ಯಾಂಕಿಗೂ ಕೂಡಲೇ ತಿಳಿಸಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರ್ಕಾರಿ ಜಾಲತಾಣದಲ್ಲಿ ದೂರು ದಾಖಲಿಸಿ. ಸಂದೇಶಗಳು, ಕರೆಯ ದಾಖಲೆ, ವರ್ಗಾವಣೆಯ ಸಂಖ್ಯೆ ಯಾವುದನ್ನೂ ಅಳಿಸಬೇಡಿ. ಕಾಣುವುದೇ ಬೇಡವೆಂಬ ಸಂಕಟದಲ್ಲಿ ಎಲ್ಲವನ್ನೂ ಅಳಿಸಿ ಪುರಾವೆ ಕಳೆದುಕೊಂಡವರಿದ್ದಾರೆ. ಕೆಲವು ವಾರಗಳ ನಂತರ “ಹೋದ ಹಣ ವಾಪಸ್ ಕೊಡಿಸುತ್ತೇವೆ, ಶುಲ್ಕ ಕಟ್ಟಿ” ಎಂದು ಕರೆ ಬಂದರೆ ಅದು ಎರಡನೆಯ ಬಲೆ.

ದೇಹದ ಲೆಕ್ಕ ಬೇರೆಯೇ ಇರುತ್ತದೆ. ಫೋನ್ ರಿಂಗಾದರೆ ಬೆಚ್ಚಿಬೀಳುವುದು, ನಿದ್ದೆ ಬಾರದಿರುವುದು, ಊಟ ಸೇರದಿರುವುದು ಮೊದಲ ಕೆಲವು ದಿನಗಳಲ್ಲಿ ಸಹಜ. ಅದು ವಾರಗಳು ಕಳೆದರೂ ತಗ್ಗದಿದ್ದರೆ, ಅಥವಾ ಬದುಕೇ ಬೇಡವೆಂಬ ಮಾತು ಒಮ್ಮೆಯಾದರೂ ಬಂದರೆ, ಕಾಯದೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ಹಗಲಿರುಳೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಸ್ವತಃ ಕರೆ ಮಾಡಲು ಮೋಸ ಹೋದವರಿಗೆ ಮನಸ್ಸಾಗದಿದ್ದರೆ ಮನೆಯವರೇ ಮಾಡಿ, ಹೇಗೆ ಮಾತನಾಡಿಸಬೇಕೆಂದು ಕೇಳಿಕೊಳ್ಳಬಹುದು.